ಮಂಚ ನೋಡಿ ಮರುಳಾಗಬೇಡಿ: ಕ್ಯಾರವಾನ್ ಬದಲಿಸುವವರಿಗೆ ನಾಲ್ಕು ಮಾತು

ನಮಸ್ಕಾರ. ಬ್ರಿಟನ್ನಿನಲ್ಲಿ ಕಾರಿನ ಹಿಂದೆ ಕ್ಯಾರವಾನ್ ಕಟ್ಕೊಂಡು ಸುತ್ತೋ ಕನ್ನಡದವರಿಗೆ ಇವತ್ತಿನ ಮಾತು. ಶೂಟಿಂಗಿನಲ್ಲಿ ಹೀರೋಗೆ ಅಂತ ನಿಲ್ಲಿಸಿರ್ತಾರಲ್ಲ, ಆ ಕ್ಯಾರವಾನ್ ವಿಷಯ ಅಲ್ಲ. ಹಳೇ ಟೂರಿಂಗ್ ಕ್ಯಾರವಾನನ್ನ ಡೀಲರಿಗೆ ಕೊಟ್ಟು, ಮೇಲೆ ದುಡ್ಡು ಹಾಕಿ ಇನ್ನೊಂದು ತರೋ ವಿಷಯ.

ನೇರವಾಗಿ ಹೇಳಿಬಿಡ್ತೀನಿ. ಐಲ್ಯಾಂಡ್ ಬೆಡ್, ಅಂದ್ರೆ ಎರಡೂ ಪಕ್ಕ ಓಡಾಡೋಕೆ ಜಾಗ ಇರೋ ಕಾಯಂ ಮಂಚ, ನೋಡಿ ಕ್ಯಾರವಾನ್ ತಗೊಳ್ಳೋರಲ್ಲಿ ಅರ್ಧ ಜನ ಅದನ್ನ ತಗೋಬಾರದಾಗಿತ್ತು. ಶೋರೂಮಿನಲ್ಲಿ ದಿಂಬು, ಕುಶನ್ನು, ಸಣ್ಣ ದೀಪ ಎಲ್ಲಾ ಇಟ್ಟು ಆ ಮಂಚವನ್ನ ಮದುವೆ ಮನೆ ಥರ ಸಿಂಗರಿಸಿರ್ತಾರೆ. ಆದರೆ ಲೆಕ್ಕ ಹಾಕಿ. ಒಳಗಡೆ ಉದ್ದ 20 ಅಡಿ ಅಂದ್ಕೊಳ್ಳಿ. ಮಂಚಕ್ಕೆ 6 ಅಡಿ ಹೋಯ್ತು, ಬಾತ್‌ರೂಮಿಗೆ 3 ಅಡಿ ಹೋಯ್ತು. ಉಳಿದ 11 ಅಡಿಯಲ್ಲಿ ಅಡುಗೆಮನೆ, ಬಾಗಿಲು, ಬೀರು, ಸೋಫಾ ಎಲ್ಲಾ ಹಿಡಿಸಬೇಕು. ಕೊನೆಗೆ ಚಿಕ್ಕದಾಗೋದು ಸೋಫಾನೇ. ಹೀಗೆ ಕಾಯಂ ಮಂಚ, ಅಂದ್ರೆ ಫಿಕ್ಸೆಡ್ ಬೆಡ್, ಇರೋ ಎಷ್ಟೋ ಮಾಡೆಲುಗಳಲ್ಲಿ ಮುಂದಿನ ಸೋಫಾ ಐದಡಿ ಕೂಡ ಇರಲ್ಲ. ಕಾಲು ಚಾಚಿದ್ರೆ ಪಾದ ಗಾಳಿಯಲ್ಲಿ. ಬ್ರಿಟನ್ನಿನ ಮಳೆ ಗೊತ್ತಲ್ಲ, ಇಡೀ ಮಧ್ಯಾಹ್ನ ಕೂರೋದು ಅಲ್ಲೇ.

ಹಾಗಂತ ಫಿಕ್ಸೆಡ್ ಬೆಡ್ಡೇ ಬೇಡ ಅಂತಲ್ಲ. ಮಂಡಿ ನೋವು, ಬೆನ್ನು ನೋವು ಇದ್ದು, ದಿನಾ ರಾತ್ರಿ ಕುಶನ್ ಜೋಡಿಸಿ ಹಾಸಿಗೆ ಮಾಡೋದು ಆಗಲ್ಲ ಅನ್ನೋರಿಗೆ ಅದು ಬೇಕೇ ಬೇಕು. ಯಾವ ಥರದ್ದು ಅನ್ನೋದು ಮಾತ್ರ ನೋಡ್ಕೊಳ್ಳಿ. ಫ್ರೆಂಚ್ ಬೆಡ್ ಅಂದ್ರೆ ಒಂದು ಬದಿ ಗೋಡೆಗೆ ಅಂಟಿರುತ್ತೆ, ಕಾಲಿನ ಹತ್ತಿರ ಒಂದು ಮೂಲೆ ಕತ್ತರಿಸಿರುತ್ತೆ. ಜಾಗ ಉಳಿಯುತ್ತೆ, ಆದರೆ ಗೋಡೆ ಪಕ್ಕ ಮಲಗಿದವರು ರಾತ್ರಿ ಏಳಬೇಕಾದ್ರೆ ಇನ್ನೊಬ್ಬರನ್ನ ದಾಟಬೇಕು. ಅಡ್ಡ ಹಾಕಿದ ಐಲ್ಯಾಂಡ್ ಬೆಡ್ಡಿಗೆ ಎರಡೂ ಕಡೆಯಿಂದ ಇಳೀಬಹುದು. ಆದರೆ ಬಾತ್‌ರೂಮ್ ಹಿಂದಿನ ತುದಿಯಲ್ಲಿದ್ರೆ ಅಲ್ಲಿಗೆ ದಾರಿ ಮಂಚದ ಕಾಲ್ಬದಿಯಲ್ಲೇ. ಅದಕ್ಕೇ ಹಗಲಲ್ಲಿ ಮಂಚವನ್ನ ಒಳಗೆ ತಳ್ಳೋ ಥರ ಮಾಡಿರ್ತಾರೆ. ಶೋರೂಮಿನಲ್ಲಿ ಅದು ಯಾವಾಗಲೂ ಒಳಗೆ ತಳ್ಳಿಯೇ ಇರುತ್ತೆ! ಪೂರ್ತಿ ಎಳೆಸಿ, ಆಮೇಲೆ ನಡೆದು ನೋಡಿ.

ಇಬ್ಬರೇ ಓಡಾಡೋರಾದ್ರೆ ನನ್ನ ಓಟು ಎರಡು ಬರ್ತಿನ ಹಳೇ ಲೇಔಟಿಗೆ: ಮುಂದೆ ಎದುರುಬದುರು ಎರಡು ಉದ್ದ ಸೋಫಾ, ಮಧ್ಯೆ ಅಡುಗೆಮನೆ, ಹಿಂದೆ ಪೂರ್ತಿ ಅಗಲದ ಬಾತ್‌ರೂಮ್. ಸೋಫಾ 6 ಅಡಿ 2 ಇಂಚು ಇದ್ರೆ ಅದೇ ಎರಡು ಸಿಂಗಲ್ ಹಾಸಿಗೆ. ಕುಶನ್ ಜೋಡಿಸೋ ಗೋಳಿಲ್ಲ, ಗಾಡಿ ಗಿಡ್ಡ, ಹಗುರ. ಟೇಪು ಜೇಬಲ್ಲಿರಲಿ, ಬ್ರೋಷರಿನ ಅಳತೆ ನಂಬಬೇಡಿ.

ಮಕ್ಕಳಿರೋರಿಗೆ ಹಿಂದೆ ಬಂಕ್, ಅಂದ್ರೆ ಒಂದರ ಮೇಲೊಂದು ಮಂಚ, ಇರೋದು ಸರಿ. ಆದರೆ ಬಂಕ್ ಕೆಳಗೆ, ಮೇಲೆ ಸಾಮಾನು ತುಂಬೋ ಅಭ್ಯಾಸ ಕೆಟ್ಟದ್ದು. ಆಕ್ಸಲಿಂದ ದೂರ, ಹಿಂದಿನ ತುದಿಯಲ್ಲಿ ಭಾರ ಬಿದ್ದಷ್ಟೂ ಗಾಡಿ ಬಾಲ ಅಲ್ಲಾಡಿಸುತ್ತೆ, ಒಮ್ಮೆ ಶುರುವಾದ್ರೆ ನಿಲ್ಲೋದೂ ಕಷ್ಟ. ಹಿಂದುಗಡೆ ಅಡುಗೆಮನೆ ಇರೋ ಲೇಔಟಿಗೂ ಇದೇ ಮಾತು. ಡಬ್ಬ, ಪಾತ್ರೆ ಎಲ್ಲಾ ಅಲ್ಲೇ ಸೇರುತ್ತೆ. ಕಾರಿನ ಹಿಂದೆ ಗಾಡಿ ಸಿಕ್ಕಿಸೋ ಗುಂಡು, ಅಂದ್ರೆ ಟೋಬಾಲ್, ಅದರ ಮೇಲೆ ಬೀಳೋ ಭಾರ, ಅಂದ್ರೆ ನೋಸ್‌ವೇಟ್, ತುಂಬಿದ ಗಾಡಿಯ ತೂಕದ ಶೇ. 5ರಿಂದ 7 ಇರಬೇಕು. 1500 ಕೆಜಿಗೆ 75ರಿಂದ 105 ಕೆಜಿ. ಅದೂ ಕಾರಿನ, ಟೋಬಾಲ್ ಕೂರಿಸಿರೋ ಟೋಬಾರಿನ ಮಿತಿ ಮೀರಬಾರದು.

ತೂಕದ ವಿಷಯ ಬಂತಲ್ಲ, ಲೇಔಟಿಗೂ ಮುಂಚೆ ಇದು ಇತ್ಯರ್ಥ ಆಗಬೇಕು. 2021ರ ಡಿಸೆಂಬರ್ 16ರಿಂದ ಮಾಮೂಲಿ ಕಾರ್ ಲೈಸೆನ್ಸಿನಲ್ಲೇ 3500 ಕೆಜಿವರೆಗಿನ ಟ್ರೇಲರ್ ಎಳೀಬಹುದು. ಲೈಸೆನ್ಸ್ ಬಿಟ್ಟಿತು ಅಂತ ಕಾರು ಬಿಡಲ್ಲ. ಕಾರಿನ ಕರ್ಬ್‌ವೇಟಿನ (ಸಾಮಾನು ತುಂಬದ ಕಾರಿನ ತೂಕದ) ಶೇ. 85ರೊಳಗೆ ಕ್ಯಾರವಾನಿನ ಎಂಟಿಪಿಎಲ್ಎಂ ಇರಲಿ ಅನ್ನೋದು ಸಲಹೆ, ಕಾನೂನಲ್ಲ. ಹೊಸಬರು ಪಾಲಿಸಿದ್ರೆ ಒಳ್ಳೇದು. ಎಂಟಿಪಿಎಲ್ಎಂ ಅಂದ್ರೆ ತುಂಬಿದ ಗಾಡಿ ಮುಟ್ಟಬಹುದಾದ ಗರಿಷ್ಠ ತೂಕ, ಅದನ್ನ ಮೀರೋದು ಅಪರಾಧ. ಅದರಲ್ಲಿ ಖಾಲಿ ಗಾಡಿ ತೂಕ ಕಳೆದ್ರೆ ಉಳಿಯೋದು ಪೇಲೋಡ್. 150 ಕೆಜಿ ಅಂತ ಬರೆದಿದ್ರೆ ಖುಷಿ ಪಡಬೇಡಿ. ಕಾರಿಲ್ಲದೆ ಗಾಡಿ ಸರಿಸೋ ಮೋಟಾರು, ಅಂದ್ರೆ ಮೂವರ್, ಸುಮಾರು 30, ಬ್ಯಾಟರಿ 20ರ ಮೇಲೆ, ಪಕ್ಕಕ್ಕೆ ಕಟ್ಟೋ ಟೆಂಟು, ಅಂದ್ರೆ ಆನಿಂಗ್, ಇನ್ನೊಂದು 20. ಬಟ್ಟೆ, ಪಾತ್ರೆ, ಅಕ್ಕಿ, ಬೇಳೆ ಇನ್ನೂ ಬಂದೇ ಇಲ್ಲ, ಹೆಚ್ಚುಕಡಿಮೆ ಅರ್ಧ ಪೇಲೋಡ್ ಮುಗಿದುಹೋಯ್ತು.

ಈಗ ಹಳೇ ಗಾಡಿ. ಪಾರ್ಟ್ ಎಕ್ಸ್‌ಚೇಂಜ್ ಬೆಲೆ, ಅಂದ್ರೆ ಹಳೇದಕ್ಕೆ ಡೀಲರ್ ಕಟ್ಟೋ ಬೆಲೆ, ಕೇಳಿ ಹಿಗ್ಗೋದು, ಕುಗ್ಗೋದು ಎರಡೂ ದಂಡ. ಒಬ್ಬ ಡೀಲರ್ ಹೊಸದಕ್ಕೆ 28,000 ಪೌಂಡ್ ಹೇಳಿ ನಿಮ್ಮದಕ್ಕೆ 12,000 ಕೊಡ್ತಾನೆ. ಇನ್ನೊಬ್ಬ ಅದೇ ಮಾಡೆಲನ್ನ 26,500ಕ್ಕೆ ಹೇಳಿ ನಿಮ್ಮದಕ್ಕೆ 11,000 ಕೊಡ್ತಾನೆ. ಮೊದಲನೆಯವನು ಧಾರಾಳಿ ಥರ ಕಾಣ್ತಾನೆ, ಆದರೆ ಅವನಿಗೆ ಕೈಯಿಂದ 16,000 ಕೊಡಬೇಕು, ಎರಡನೆಯವನಿಗೆ 15,500. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ನಾನು ಮೇಲೆ ಎಷ್ಟು ಹಾಕಬೇಕು? ಮೂವರ್ ಬಿಚ್ಚಿ ಹೊಸದಕ್ಕೆ ಹಾಕೋ ಖರ್ಚು, ಹೊಸ ಬ್ಯಾಟರಿ, ಎಲ್ಲಾ ಸೇರಿಸಿ ಬರೆದುಕೊಡಿ ಅನ್ನಿ. ಮೂವರ್ ಇದೆ ಅಂತ ಡೀಲರ್ ಜಾಸ್ತಿ ಏನೂ ಕೊಡಲ್ಲ. ಬಿಚ್ಚಿಸೋ ಮುಂಚೆ ಅದು ಹೊಸ ಚಾಸಿಗೆ ಕೂರುತ್ತಾ ಕೇಳಿ. ನೀವೇ ನೇರವಾಗಿ ಮಾರಿದ್ರೆ ಹೆಚ್ಚು ಸಿಗುತ್ತೆ ಅನ್ನೋದೂ ನಿಜ, ತಾಳ್ಮೆ ಇದ್ರೆ.

ಡೀಲರ್ ಮೊದಲು ತೆಗೆಯೋದು ಡ್ಯಾಂಪ್ ಮೀಟರ್, ಅಂದ್ರೆ ಗೋಡೆಯ ತೇವ ಅಳೆಯೋ ಯಂತ್ರ. ಕಿಟಕಿ ಮೂಲೆ, ಮುಂದಿನ ಲಾಕರಿನ ಒಳಗೋಡೆ, ಹಿಂದಿನ ದೀಪಗಳ ಹಿಂಭಾಗ, ಛಾವಣಿ ಅಂಚು ಎಲ್ಲಾ ಕಡೆ ಒತ್ತಿ ನೋಡ್ತಾರೆ. ಶೇ. 15ರ ಒಳಗೆ ಇದ್ರೆ ಸರಿ. 15ರಿಂದ 20 ಇದ್ರೆ ಕಣ್ಣಿಡಬೇಕು. 20 ದಾಟಿದ್ರೆ ನೀರು ಎಲ್ಲಿಂದಲೋ ಬರ್ತಿದೆ, 30ರ ಮೇಲೆ ಅಂದ್ರೆ ಒಳಗಿನ ಮರ ಕೊಳೀತಿರಬಹುದು. ಮೇಲಿಂದ ಸೀಲಂಟ್ ಬಳಿದು, ರೂಮ್ ಫ್ರೆಶ್‌ನರ್ ಹೊಡೆದು ತಗೊಂಡು ಹೋಗೋರಿದ್ದಾರೆ. ಮೀಟರಿಗೆ ಮೂಗಿಲ್ಲ. ಆಮೇಲೆ ಬಾಗಿಲ ಹತ್ತಿರ, ಸಿಂಕ್ ಮುಂದೆ ಹಿಮ್ಮಡಿ ಊರಿ ನೆಲ ನೋಡ್ತಾರೆ. ನೆಲ ಅಂದ್ರೆ ಎರಡು ಪ್ಲೈವುಡ್ ನಡುವೆ ಫೋಮ್; ಅಂಟು ಬಿಟ್ಟರೆ ಬನ್ನಿನ ಥರ ಮೆತ್ತಗೆ ಕುಸಿಯುತ್ತೆ, ಕಿರ್ರ್ ಅನ್ನುತ್ತೆ. ತೂತು ಕೊರೆದು ರೆಸಿನ್ ಅಂಟು ಇಳಿಸಿದ್ರೆ ಸರಿಹೋಗುತ್ತೆ. ಇದನ್ನ ಮೊದಲೇ ಮಾಡಿಸಿ ರಸೀತಿ ತೋರಿಸೋದು ಬೆಲೆ ಇಳಿಸಿಕೊಳ್ಳೋದಕ್ಕಿಂತ ಅಗ್ಗ ಬೀಳಬಹುದು. ರಿಪೇರಿಯವರ ಹತ್ತಿರ, ಡೀಲರ್ ಹತ್ತಿರ, ಎರಡೂ ಕಡೆ ದರ ಕೇಳಿ.

ಟೈರು ಹೊಸದಾಗಿ ಕಂಡ್ರೂ ಪಕ್ಕದ ನಾಲ್ಕಂಕಿ ಓದ್ತಾರೆ: 2319 ಅಂದ್ರೆ 2019ರ 23ನೇ ವಾರ. ಐದು ವರ್ಷ ದಾಟಿದ್ದಕ್ಕೆ ಕಡಿತ ಗ್ಯಾರಂಟಿ. ಕಾಗದ ಮುಖ್ಯ. ಕ್ಯಾರವಾನಿಗೆ ಕಾರಿನ ಥರ ಸರ್ಕಾರಿ ನೋಂದಣಿ ಇಲ್ಲ. ಆದರೆ 1992ರಿಂದ ಕ್ರಿಸ್ (CRiS) ಅನ್ನೋ ಖಾಸಗಿ ನೋಂದಣಿ ಇದೆ. ಅದರ ಪತ್ರದ 17 ಅಕ್ಷರದ ಸಂಖ್ಯೆ ಕಿಟಕಿ ಗಾಜಿನ ಮೇಲಿರೋದಕ್ಕೆ ಹೊಂದಬೇಕು. ಪ್ರತಿ ವರ್ಷದ ಸರ್ವಿಸ್ ದಾಖಲೆ, ಡ್ಯಾಂಪ್ ವರದಿ, ಎರಡು ಸೆಟ್ ಕೀಲಿ, ವೀಲ್ ಲಾಕಿನ ಕೀಲಿ ಒಂದು ಕವರಿನಲ್ಲಿಡಿ. ಫೈನಾನ್ಸ್ ಬಾಕಿ ಇದ್ರೆ ಮೊದಲೇ ಹೇಳಿ, ಅವರು ಹೇಗೂ ಚೆಕ್ ಮಾಡ್ತಾರೆ. ಛಾವಣಿಯ ಹಸಿರು ಪಾಚಿ ತೊಳೆಯಿರಿ, ಟಾಯ್ಲೆಟ್ ಕ್ಯಾಸೆಟ್ (ಕೊಳಕು ತುಂಬೋ ಡಬ್ಬ) ಖಾಲಿ ಮಾಡಿ. ಇಷ್ಟು ಸಾಕು.

ಹೊಸದನ್ನ ನೋಡೋಕೆ ಹೋದಾಗ ಕನಿಷ್ಠ ಒಂದು ಗಂಟೆ ಒಳಗೆ ಇರಿ. ಶೂ ಬಿಚ್ಚಿ ಇಬ್ಬರೂ ಮಲಗಿ. ಒಬ್ಬರು ಎದ್ದು ಟಾಯ್ಲೆಟ್ಟಿಗೆ ಹೋಗಿ, ಬಾಗಿಲು ಹಾಕಿ ಕೂತು ನೋಡಿ, ಮಂಡಿ ಬಾಗಿಲಿಗೆ ತಾಗುತ್ತಾ? ಟೇಬಲ್ ಯಾವ ಬೀರುವಲ್ಲಿದೆ ಹುಡುಕಿ, ತಂದು ಹಾಕಿ. ಮಂಚದ ಪಕ್ಕದ ಸಂದಿಯಿಂದ ದಿನಾ ಎರಡು ಸಲ ತರೋದಾದ್ರೆ ಮೂರನೇ ದಿನಕ್ಕೆ ತಟ್ಟೆ ತೊಡೆ ಮೇಲೆ ಬರುತ್ತೆ. ಒಲೆ ಪಕ್ಕ ಚಪಾತಿ ಮಣೆ ಇಡೋಷ್ಟು ಜಾಗ ಇದೆಯಾ? ಒದ್ದೆ ಕೋಟು ಎಲ್ಲಿ ನೇತುಹಾಕ್ತೀರಿ? ಎಂಟಡಿ ಅಗಲದ್ದು ಒಳಗೆ ಹಾಯಾಗಿರುತ್ತೆ, ಆದರೆ ನಿಮ್ಮ ಗೇಟು, ಸ್ಟೋರೇಜ್ ಜಾಗ ಅಳೆದು ಬಂದಿದ್ದೀರಾ?

ಗಾಡಿ ಮನೆಗೆ ಬಂದ ಮೇಲೆ, ಮೊದಲ ಪ್ರಯಾಣಕ್ಕೆ ಎಲ್ಲಾ ತುಂಬಿ, ಕ್ಯಾರವಾನ್ ನಿಲ್ಲಿಸಿ ಉಳಿಯೋ ಸೈಟಿಗೆ ಹೋಗೋ ಮುಂಚೆ ವೇಬ್ರಿಜ್ಜಿಗೆ ಹೋಗಿ ತೂಕ ಹಾಕಿಸಿ, ಚೀಟಿ ಇಟ್ಕೊಳ್ಳಿ. ಮಿತಿ ಮೀರಿದ್ರೆ ಮೊದಲು ಇಳಿಯೋದು ನೀರು ತುಂಬಿದ ಕ್ಯಾನು. ನೀರು ಸೈಟಿನಲ್ಲಿ ಸಿಗುತ್ತೆ.