ಭೂಪಟ ಹಳೇದು, ಮರ ಎಷ್ಟು ಹಳೇದು? ಗ್ಲೋಬ್ ಬಾರ್ ಗುರುತು ಹಿಡಿಯೋದು

ನಮಸ್ಕಾರ. ಎದುರಿಗೆ ಕಾಣ್ತಿರೋದು ಗ್ಲೋಬ್ ಬಾರ್. ಮುಚ್ಚಿದ್ರೆ ಭೂಗೋಳ, ಮೇಲಿನ ಅರ್ಧ ಎತ್ತಿದ್ರೆ ಬಾಟಲ್ ಇಡೋ ಜಾಗ. ಸುತ್ತ ಮರದ ಬಳೆ, ಬಳೆ ಮೇಲೆ ಹನ್ನೆರಡು ರಾಶಿಗಳ ಚಿತ್ರ, ಕೆಳಗೆ ಮೂರು ಕಾಲು, ಗಾಲಿ. ಕಟ್ಟಿರೋ ಚೀಟಿ ಓದಿ: "ಬ್ರಿಟಿಷರ ಕಾಲದ ಆಂಟಿಕ್, 85,000 ರೂಪಾಯಿ". ಬ್ರಿಟಿಷರ ಕಾಲದ್ದೂ ಅಲ್ಲ, ಆಂಟಿಕ್ಕೂ ಅಲ್ಲ. ಇಷ್ಟು ದುಡ್ಡಂತೂ ಖಂಡಿತ ಕೊಡಬೇಡಿ.

ಜನ ಎಡವೋದೇ ಭೂಪಟದಿಂದ. ಕ್ಯಾಲಿಫೋರ್ನಿಯಾ ನೋಡಿ, ದ್ವೀಪದ ಥರ ಬಿಡಿಸಿದ್ದಾರೆ. 17ನೇ ಶತಮಾನದ ನಕ್ಷೆಗಳಲ್ಲಿ ಹೀಗೇ ಇರೋದು. ಅದು ದ್ವೀಪ ಅಲ್ಲ ಅಂತ ಸ್ಪೇನಿನ ದೊರೆ 6ನೇ ಫರ್ಡಿನಾಂಡ್ 1747ರಲ್ಲಿ ಆಜ್ಞೆಯನ್ನೇ ಹೊರಡಿಸಬೇಕಾಯ್ತು! ಇನ್ನು ಭಾರತಕ್ಕೆ ಬನ್ನಿ, ದಕ್ಷಿಣದಲ್ಲಿ "ನರ್ಸಿಂಗ" ಅಂತಿದೆ. ಇದು ನಮ್ಮ ವಿಜಯನಗರ. ಸಾಳುವ ನರಸಿಂಹನ ಹೆಸರು ಪೋರ್ಚುಗೀಸರ ಬಾಯಲ್ಲಿ ಹಾಗೆ ನಿಂತುಬಿಡ್ತು. ಅವನು ಪಟ್ಟಕ್ಕೆ ಬಂದಿದ್ದು 1485ರಲ್ಲಿ. ಅವನ ವಂಶ ಹೋಯ್ತು, ಮುಂದಿನ ವಂಶವೂ ಹೋಯ್ತು, ಯುರೋಪಿನ ನಕ್ಷೆಗಳಲ್ಲಿ ಹೆಸರು ಮಾತ್ರ ಉಳೀತು. ಹಂಪಿ ಬಗ್ಗೆ ಗಂಟೆಗಟ್ಟಲೆ ಮಾತಾಡಬಹುದು, ಕ್ಯಾಮೆರಾ ಆಗಲೇ ಲೆನ್ಸ್ ಹತ್ರ ಬಂತು.

ಒಡವೆ ಅಂಗಡಿಯವರು ಕಣ್ಣಿಗಿಡೋ 10 ಪಟ್ಟು ಲೆನ್ಸ್ ಸಾಕು. ತಾಮ್ರದ ಫಲಕದಿಂದ ಅಚ್ಚಾದ ನಿಜವಾದ ಹಳೇ ನಕ್ಷೆಯಲ್ಲಿ ಗೆರೆ ಒಂದೇ ಕಪ್ಪು ಶಾಯಿಯ ಗೆರೆ, ಬಣ್ಣ ಕುಂಚದಿಂದ ಹಚ್ಚಿದ್ದು, ಗೆರೆ ದಾಟಿ ಅಲ್ಲಲ್ಲಿ ಚೆಲ್ಲಿರುತ್ತೆ. ಇಲ್ಲಿ ಏನು ಕಾಣ್ತಿದೆ? ಚುಕ್ಕೆ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆ, ಪೇಪರಿನ ಫೋಟೋ ಥರ. ಈ ಕಂದು ಕಲೆ ನೋಡಿ. ಹೊಗೆ ಹಿಡಿದ ಹಾಗೆ, ಇನ್ನೂರು ವರ್ಷ ಹಳೇದರ ಹಾಗೆ ಕಾಣುತ್ತೆ. ಲೆನ್ಸ್ ಇಡಿ, ಕಲೇನೂ ಚುಕ್ಕೆ! ಹಳೇ ನಕ್ಷೆಯ ಫೋಟೋ ತೆಗೆದಾಗ ಅದರ ಕೊಳೆ ಸಮೇತ ಅಚ್ಚಾಗಿದೆ.

ಮಗುಚಿದೆ. ಬಳೆಗೂ ಕಾಲಿಗೂ ಸ್ಟಾರ್ ಸ್ಕ್ರೂ. ಪ್ಲಸ್ ಗುರುತಿನ ಈ ತಲೆಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1936ರಲ್ಲಿ. ಒಂದೇ ಸ್ಕ್ರೂ ನೋಡಿ ತೀರ್ಪು ಕೊಡಬೇಡಿ, ರಿಪೇರಿಯಲ್ಲಿ ಬದಲಾಗಿರಬಹುದು. ಬಿಚ್ಚಿ ತೂತು ನೋಡಿ: ಪಕ್ಕದಲ್ಲಿ ಮುಚ್ಚಿದ ಹಳೇ ತೂತಿದ್ರೆ ಸ್ಕ್ರೂ ಆಮೇಲಿನದು. ಇಲ್ಲಿ ಹನ್ನೆರಡು ಸ್ಕ್ರೂನೂ ಒಂದೇ ಥರ, ತೂತೂ ಒಂದೊಂದೇ. ಗಾಲಿ ಪ್ಲಾಸ್ಟಿಕ್.

ಈಗ ಭೂಪಟದ ಕಾಗದ ಎದ್ದಿರೋ ಈ ಉಬ್ಬು. ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾರೆ. ದಯವಿಟ್ಟು ಒರೆಸಬೇಡಿ. ಗೋಳಕ್ಕೆ ಅಂಟಿಸಿರೋದು ಒಂದೇ ಕಾಗದ ಅಲ್ಲ, ಕಿತ್ತಳೆ ತೊಳೆಯಂಥ ಪಟ್ಟಿಗಳು, ಒಂದೊಂದೂ 30 ಡಿಗ್ರಿ ಅಗಲ. ಮೇಲಿನರ್ಧಕ್ಕೆ ಹನ್ನೆರಡು, ಕೆಳಗಿನರ್ಧಕ್ಕೆ ಹನ್ನೆರಡು. ತುದಿಗಳೆಲ್ಲ ಧ್ರುವದಲ್ಲಿ ಸೇರುತ್ತವೆ, ಅದರ ಮೇಲೊಂದು ದುಂಡು ಬಿಲ್ಲೆ. ವಾರ್ನಿಷ್ ಬಿರುಕಲ್ಲಿ ನೀರು ಇಳಿದ್ರೆ ಕಾಗದ ಹಿಗ್ಗುತ್ತೆ, ಅಂಟು ಮೆದುವಾಗುತ್ತೆ, ಕೆಳಗಿನ ಗೋಳ ಅಷ್ಟು ಹಿಗ್ಗೋದಿಲ್ಲ. ಜಾಸ್ತಿಯಾದ ಕಾಗದ ಎಲ್ಲಿಗೆ ಹೋಗಬೇಕು? ಮೇಲಕ್ಕೆ ಏಳುತ್ತೆ. ಒಣಗಿದ ಮೇಲೆ ಅಂಚು ಸುರುಳಿ ಸುತ್ತಿ ಬಿಲ್ಲೆ ಕಿತ್ಕೊಳ್ಳುತ್ತೆ.

ಫೆವಿಕಾಲ್ ಹಾಕಬೇಡಿ, ಮತ್ತೆ ಬಿಡಿಸೋಕಾಗಲ್ಲ. ಹಾಲುಬಾಯಿಗೆ ಗೋಧಿ ನೆನೆಸಿ ಹಾಲು ತೆಗೀತೀವಲ್ಲ, ಅದರ ತಳದಲ್ಲಿ ಕೂರೋ ಬಿಳಿ ಪಿಷ್ಟ ಸಾಕು. ಒಣಗಿಸಿದ ಪಿಷ್ಟ ಒಂದು ಚಮಚ, ನೀರು ಐದು ಚಮಚ, ಸಣ್ಣ ಉರೀಲಿ ಗಾಜಿನಂತೆ ಆಗೋವರೆಗೆ ತಿರುವಿ. ಆರಿದ ಮೇಲೆ ಸಣ್ಣ ಕುಂಚದಲ್ಲಿ ತೆಳ್ಳಗೆ ಅಂಚಿನಡಿ ಹಚ್ಚಿ, ಬಟರ್ ಪೇಪರ್ ಇಟ್ಟು, ಮೇಲೆ ಮರಳು ತುಂಬಿದ ಬಟ್ಟೆ ಚೀಲ. ದುಂಡಗಿನ ಮೈಗೆ ಮರಳೇ ಸರಿ, ಇಟ್ಟಿಗೆ ಕೂರೋದಿಲ್ಲ. ಒಂದು ದಿನ ಮುಟ್ಟಬೇಡಿ. ಮಿಕ್ಕ ಅಂಟು ಹುಳಿ ಬರುತ್ತೆ, ಚೆಲ್ಲಿ.

ಅಂಟಿಸೋಕೆ ಮುಂಚೆ ಒಂದು ಕೆಲಸ ಇದೆ. ಎದ್ದಿರೋ ಅಂಚಿನ ಹಿಂಬದಿಗೆ ಯುವಿ ಟಾರ್ಚ್ ಹಿಡಿಯಿರಿ, 365 ನ್ಯಾನೋಮೀಟರಿನದು. 395ರದ್ದು ತಗೋಬೇಡಿ, ಅದರ ನೇರಳೆ ಬೆಳಕಲ್ಲಿ ಏನೂ ಸರಿಯಾಗಿ ತಿಳಿಯಲ್ಲ. ಮುಂಬದಿಗೆ ಹಿಡಿದ್ರೆ ವಾರ್ನಿಷ್ ಅಡ್ಡ ಬರುತ್ತೆ, ಅದಕ್ಕೇ ಹಿಂಬದಿ. ಕಾಗದ ನೀಲಿ-ಬಿಳಿಯಾಗಿ ಹೊಳೀತಾ ಇದೆ ನೋಡಿ! ಕಾಗದ ಬೆಳ್ಳಗೆ ಕಾಣೋಕೆ ಸೇರಿಸೋ ರಾಸಾಯನಿಕ ಅದು, ಬಳಕೆಗೆ ಬಂದಿದ್ದು ಸುಮಾರು 1950ರಿಂದ ಈಚೆಗೆ. ಸ್ಕ್ರೂಗಿಂತ, ಚುಕ್ಕೆಗಿಂತ ದೊಡ್ಡ ಸಾಕ್ಷಿ ಇದೇ.

ಪಾಲಿಷ್ ಪರೀಕ್ಷೆ ಕಾಲಿನ ಒಳಬದೀಲಿ ಮಾತ್ರ, ಭೂಪಟದ ಹತ್ರ ಬೇಡವೇ ಬೇಡ. ಹತ್ತಿಗೆ ಸ್ಪಿರಿಟ್, ಅರ್ಧ ನಿಮಿಷ. ಅಂಟಂಟಾದ್ರೆ ಅರಗಿನ ಪಾಲಿಷ್. ಏನೂ ಆಗದಿದ್ರೆ ಇನ್ನೊಂದು ಹತ್ತಿಗೆ ಥಿನ್ನರ್. ಇಲ್ಲಿ ಥಿನ್ನರಿಗೆ ಕರಗ್ತು, ಅಂದ್ರೆ ಎನ್‌ಸಿ ಲ್ಯಾಕರ್: ಹಳೇ ಅರಗಿನದಲ್ಲ, ನೈಟ್ರೋಸೆಲ್ಯುಲೋಸ್ ಅನ್ನೋ ರಾಸಾಯನಿಕದ ಪಾಲಿಷ್.

ನಿಮ್ಮನೇಲಿ ಹೊಸ ಕಾಲದ ನಕ್ಷೆ ಇರೋ ಟೀಪಾಯ್ ಇದ್ರೆ ಹೆಸರು ಓದಿ. "ಮೈಸೂರು" ರಾಜ್ಯ ಇದ್ರೆ ನಕ್ಷೆ 1973ರ ನವೆಂಬರಿಗೆ ಮುಂಚಿನದು, "ಸಿಲೋನ್" ಇದ್ರೆ 1972ಕ್ಕೆ ಮುಂಚಿನದು. ಅದು ನಕ್ಷೆಯ ವಯಸ್ಸು. ಹಳೇ ಶಾಲೆ ನಕ್ಷೆಯನ್ನ ಹೊಸ ಹಲಗೆಗೆ ಅಂಟಿಸೋದು ಅರ್ಧ ದಿನದ ಕೆಲಸ.

ಹಾಗಾದ್ರೆ ಇದು ಏನು? ಎರಡನೇ ಮಹಾಯುದ್ಧದ ನಂತರ ಇಟಲಿಯಲ್ಲಿ ಇಂಥವು ರಾಶಿಗಟ್ಟಲೆ ತಯಾರಾದವು, ಅದೇ ಪೈಕಿ. ಬಳೆಯ ಅಡಿಯಲ್ಲಿ "ಮೇಡ್ ಇನ್ ಇಟಲಿ" ಮುದ್ರೆ ಅರ್ಧ ಅಳಿಸಿದೆ, ಓರೆ ಬೆಳಕಲ್ಲಿ ಓದಬಹುದು. ನಮ್ಮ 1972ರ ಕಾಯ್ದೆ ಪ್ರಕಾರ ಇಂಥ ವಸ್ತು ಪುರಾವಸ್ತು ಅನ್ನಿಸ್ಕೊಳ್ಳೋಕೆ ನೂರು ವರ್ಷ ತುಂಬಿರಬೇಕು. ಆದ್ರೆ ನೋಡ್ತಾ ನೋಡ್ತಾ ನನ್ನ ಮಾತು ಸ್ವಲ್ಪ ಬದಲಾಯಿಸ್ತೀನಿ: ಬಳೆಯ ಜೋಡಣೆ ಬಿಗಿಯಾಗಿದೆ, ಪಟ್ಟಿಗಳ ಸೇರುವೆ ಕೂದಲೆಳೆ ತಪ್ಪಿಲ್ಲ. ಒಳ್ಳೇ ಕೆಲಸ. 15,000ಕ್ಕೆ ಬಂದ್ರೆ ತಗೊಳ್ಳಿ.

ದುಡ್ಡು ಕೊಡೋಕೆ ಮುಂಚೆ ಮುಚ್ಚಳ ಮುಚ್ಚಿ, ಆಫ್ರಿಕಾದ ಕರಾವಳಿ ಮೇಲಿಂದ ಕೆಳಕ್ಕೆ ಸೇರುತ್ತಾ ನೋಡಿ. ಇಲ್ಲಿ ಎರಡು ಮಿಲಿಮೀಟರ್ ಜರುಗಿದೆ, ಹಿಂದಿನ ಹಿಂಜ್ ಸಡಿಲ. ಸ್ಕ್ರೂ ಬಿಗಿ ಮಾಡ್ತಿದೀನಿ... ಹಾಂ, ಈಗ ಸೇರ್ತು.