ಪಾಯಿಂಟರ್‌ನ ಕೊನೆಯ ಬಿಟ್‌ನಲ್ಲಿ ಏನಿದೆ ಅಂತ ಬರೆದಿಡಿ

ಎಲ್ಲರಿಗೂ ನಮಸ್ಕಾರ.

ಇವತ್ತು ಲಿನಕ್ಸ್ ಕರ್ನಲ್‌ನ, ಅಂದರೆ ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ, ಕೋಡ್‌ನಲ್ಲಿರುವ ಕಾಮೆಂಟ್‌ಗಳ ಬಗ್ಗೆ ಮಾತಾಡೋಣ. ಕೋಡ್ ಏನು ಮಾಡುತ್ತಿದೆ ಅಂತ ಹೇಳುವ ಕಾಮೆಂಟ್‌ಗಳಲ್ಲ, ಅದನ್ನು ಕೋಡ್ ಓದಿಯೇ ತಿಳಿಯಬಹುದು. ಕೋಡ್ ಎಷ್ಟು ಓದಿದರೂ ಗೊತ್ತಾಗದ್ದನ್ನು ಹೇಳುವ ಕಾಮೆಂಟ್‌ಗಳು. ಪಾಯಿಂಟರ್ (ಮೆಮೊರಿಯ ವಿಳಾಸ ಇಟ್ಟುಕೊಳ್ಳುವ ಫೀಲ್ಡ್) ಒಳಗೆ ಬೇರೇನನ್ನೋ ಸೇರಿಸಿದಾಗ, ಲಾಕ್ (ಒಂದೇ ಡೇಟಾವನ್ನು ಇಬ್ಬರು ಒಟ್ಟಿಗೆ ಬದಲಿಸದಂತೆ ತಡೆಯುವ ಬೀಗ) ಅನ್ನು ರೂಢಿ ಬಿಟ್ಟು ಬಳಸಿದಾಗ ಅವು ಬೇಕೇ ಬೇಕು.

ಕರ್ನಲ್‌ನ ರೆಡ್-ಬ್ಲ್ಯಾಕ್ ಟ್ರೀ ನೋಡಿ, ಡೇಟಾವನ್ನು ಬೇಗ ಹುಡುಕಲು ನೋಡ್‌ಗಳನ್ನು ಮರದ ಹಾಗೆ ಜೋಡಿಸಿಡುವ ರಚನೆ ಅದು. ಪ್ರತಿ ನೋಡ್‌ಗೂ ತನ್ನ ಪೇರೆಂಟ್ ಯಾರು, ತಾನು ಕೆಂಪೋ ಕಪ್ಪೋ ಅಂತ ನೆನಪಿರಬೇಕು. ಬಣ್ಣಕ್ಕೆ ಒಂದೇ ಬಿಟ್ ಸಾಕು. ಅದಕ್ಕಂತಲೇ ಬೇರೆ ಜಾಗ ಕೊಟ್ಟರೆ 64-ಬಿಟ್ ಮಷೀನ್‌ನಲ್ಲಿ ಪ್ರತಿ ನೋಡ್ 8 ಬೈಟ್ ಜಾಸ್ತಿ ತಿನ್ನುತ್ತದೆ. ಹಾಗಾಗಿ ಪೇರೆಂಟ್ ಪಾಯಿಂಟರ್‌ನ ಕೊನೆಯ ಬಿಟ್‌ನಲ್ಲೇ ಬಣ್ಣ ಇಟ್ಟಿದ್ದಾರೆ. 64-ಬಿಟ್‌ನಲ್ಲಿ ನೋಡ್ ಕೂರುವ ವಿಳಾಸ 8ರಿಂದ ಭಾಗವಾಗುತ್ತದೆ, ಆದ್ದರಿಂದ ಆ ಬಿಟ್ ಹೇಗೂ ಸೊನ್ನೆ. ಸೊಗಸಾದ ಉಪಾಯ, ಅಲ್ವಾ?

ಆದರೆ ಅದೆಲ್ಲ ನಿಂತಿರುವುದು ಅಲೈನ್‌ಮೆಂಟ್ ಮೇಲೆ, ಅಂದರೆ ವಿಳಾಸ ಹೀಗೆ ಭಾಗವಾಗುವಂತೆ ಡೇಟಾವನ್ನು ಕೂರಿಸುವುದರ ಮೇಲೆ. ಸ್ವೀಡನ್ನಿನ ಆಕ್ಸಿಸ್ ಕಂಪನಿಯ ಕ್ರಿಸ್ ಪ್ರೊಸೆಸರ್‌ಗೆ ಕಂಪೈಲರ್ ತಾನಾಗಿ ಹಾಗೆ ಅಲೈನ್ ಮಾಡುತ್ತಿರಲಿಲ್ಲ. ಅದಕ್ಕೇ ನೋಡ್‌ನ ಫೀಲ್ಡ್‌ಗಳನ್ನು ವಿವರಿಸುವ ಸ್ಟ್ರಕ್ಚರ್‌ನ ಕೊನೆಯಲ್ಲಿ ಅಲೈನ್‌ಮೆಂಟ್ ಕಡ್ಡಾಯ ಮಾಡುವ ಸೂಚನೆ ಸೇರಿಸಿದರು. ಕೆಳಗೊಂದು ಪುಟ್ಟ ಕಾಮೆಂಟ್ ಇದೆ. ಇದು ಸುಮ್ನೆ ಹಾಕಿದ ಹಾಗೆ ಕಾಣಬಹುದು, ಆದರೆ ಕ್ರಿಸ್‌ಗೆ ಬೇಕಂತೆ ಅನ್ನುವುದು ಅದರ ಸಾರ. ಯಾಕೆ ಬೇಕು? ಅದನ್ನು ಹೇಳಿಲ್ಲ. ಬಣ್ಣದ ಬಿಟ್‌ನ ಸುದ್ದಿಯೇ ಅಲ್ಲಿಲ್ಲ.

2018ರಲ್ಲಿ, 4.17ನೇ ಆವೃತ್ತಿಯಲ್ಲಿ, ಕ್ರಿಸ್ ಬೆಂಬಲವನ್ನೇ ಕರ್ನಲ್‌ನಿಂದ ತೆಗೆದುಹಾಕಿದರು. ಈಗ ಹೊಸಬರೊಬ್ಬರು ಆ ಸಾಲು ಓದಿದರೆ ಏನಂದುಕೊಳ್ಳಬೇಕು? ಕ್ರಿಸ್ ಹೋಯಿತು, ಇದೂ ಹೋಗಲಿ ಅಂತ ತಾನೇ? ಅಳಿಸಿದರೆ ಅವತ್ತಿಗೆ ಏನೂ ಕೆಡದೇ ಇರಬಹುದು. ಆದರೆ ಬಣ್ಣ ಯಾವ ಭರವಸೆಯ ಮೇಲೆ ಕೂತಿದೆಯೋ ಆ ಭರವಸೆ ಅಲ್ಲಿಂದ ಅಳಿಸಿಹೋಗುತ್ತದೆ.

ಅದೇ ಕರ್ನಲ್‌ನಲ್ಲಿ, ಅದೇ ಕ್ರಿಸ್‌ಗಾಗಿ ಬರೆದ ಇನ್ನೊಂದು ಕಾಮೆಂಟ್ ಇದೆ, ಫೈಲ್ ಸಿಸ್ಟಮ್‌ನ ಹೆಡರ್‌ನಲ್ಲಿ. ಪೇಜ್ ಸ್ಟ್ರಕ್ಚರ್‌ನ ಮ್ಯಾಪಿಂಗ್ ಪಾಯಿಂಟರ್‌ನ ಕೊನೆಯ ಬಿಟ್ ಅನ್ನು ಅನಾನಿಮಸ್ ಪೇಜ್‌ನ (ಯಾವ ಫೈಲ್‌ಗೂ ಸೇರದ ಮೆಮೊರಿ ಪುಟದ) ಗುರುತಾಗಿ ಬಳಸುತ್ತೇವೆ, ಅದಕ್ಕಾಗಿ ಇಲ್ಲಿ ಅಲೈನ್‌ಮೆಂಟ್ ಕಡ್ಡಾಯ ಅಂತ ಅದು ಬಿಡಿಸಿ ಹೇಳುತ್ತದೆ. ಯಾವ ಪಾಯಿಂಟರ್, ಯಾವ ಬಿಟ್, ಯಾಕೆ, ಎಲ್ಲವೂ ಇದೆ. ಪ್ರೊಸೆಸರ್ ಹೋದರೂ ಈ ಕಾಮೆಂಟ್ ಕೆಲಸಕ್ಕೆ ಬರುತ್ತದೆ. ಕರ್ನಲ್ ಕೋಡ್ ಬರೆಯುವವರು ಈ ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು ಅಂತ ನನ್ನ ಆಸೆ.

ಮೆಮೊರಿ ಬ್ಯಾರಿಯರ್, ಅಂದರೆ ಮೆಮೊರಿ ಓದು-ಬರಹಗಳ ಕ್ರಮ ತಪ್ಪದಂತೆ ತಡೆಯುವ ಸೂಚನೆ, ಅದರ ವಿಷಯದಲ್ಲಿ ಕರ್ನಲ್‌ನವರು ಬಿಗಿಯಾಗಿದ್ದಾರೆ. ಕಾಮೆಂಟ್ ಇಲ್ಲದ ಬ್ಯಾರಿಯರ್ ಕಂಡರೆ ಕೋಡ್ ಬದಲಾವಣೆಗಳನ್ನು ಪರೀಕ್ಷಿಸುವ ಸ್ಕ್ರಿಪ್ಟ್ ಚೆಕ್‌ಪ್ಯಾಚ್ ಎಚ್ಚರಿಸುತ್ತದೆ. ಬ್ಯಾರಿಯರ್‌ಗೆ ಸಾಮಾನ್ಯವಾಗಿ ಇನ್ನೊಂದು ಕಡೆ ಜೋಡಿ ಇರುತ್ತದೆ. ಆ ಜೋಡಿ ಯಾವ ಫಂಕ್ಷನ್‌ನಲ್ಲಿದೆ ಅಂತ ಹೆಸರು ಹಿಡಿದು ಬರೆಯಿರಿ. ಅಷ್ಟು ಬರೆದರೆ ಓದುವವರ ಅರ್ಧ ಕೆಲಸ ಮುಗಿದ ಹಾಗೆ.

ಇನ್ನು ಲಾಕ್. 2006ರಲ್ಲಿ, 2.6.18ನೇ ಆವೃತ್ತಿಯಲ್ಲಿ, ಇಂಗೊ ಮೋಲ್ನಾರ್ ಅವರ ಲಾಕ್‌ಡೆಪ್ ಅನ್ನುವ ಲಾಕ್ ಪರೀಕ್ಷಕ ಬಂತು. ಎರಡು ಲಾಕ್‌ಗಳನ್ನು ಒಂದು ಕಡೆ ಒಂದು ಕ್ರಮದಲ್ಲಿ, ಇನ್ನೊಂದು ಕಡೆ ತಿರುಗಾ ಮುರುಗಾ ಹಿಡಿದರೆ, ಡೆಡ್‌ಲಾಕ್ ಆಗುವ, ಅಂದರೆ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಸಿಕ್ಕಿಬೀಳುವ, ಮೊದಲೇ ಅದು ಕೂಗಿ ಹೇಳುತ್ತದೆ. ಈ ಫಂಕ್ಷನ್‌ಗೆ ಬರುವಾಗ ಇಂಥ ಲಾಕ್ ಕೈಯಲ್ಲಿರಬೇಕು ಅನ್ನುವುದನ್ನು ಕಾಮೆಂಟ್‌ನಲ್ಲಿ ಬರೆದು ಬಿಡುವ ಬದಲು ಲಾಕ್‌ಡೆಪ್‌ನ ಅಸರ್ಟ್ ಆಗಿ, ಅಂದರೆ ಕೋಡ್ ಓಡುವಾಗಲೇ ಪರೀಕ್ಷೆಯಾಗುವ ಸಾಲಾಗಿ, ಬರೆಯಿರಿ. ಕಾಮೆಂಟ್ ಹಳತಾದರೆ ಯಾರಿಗೂ ಗೊತ್ತಾಗುವುದಿಲ್ಲ. ಅಸರ್ಟ್ ತಪ್ಪಾದರೆ, ಲಾಕ್‌ಡೆಪ್ ಆನ್ ಮಾಡಿ ಓಡಿಸಿದಾಗ ಎಚ್ಚರಿಕೆ ಬರುತ್ತದೆ.

ಆದರೆ ಲಾಕ್‌ಡೆಪ್ ಕಣ್ಣಿಗೆ ಬೀಳದ ಲಾಕ್‌ಗಳೂ ಇವೆ. 2011ರ 2.6.38ರಲ್ಲಿ, ಫೈಲ್ ಹೆಸರುಗಳನ್ನು ಬೇಗ ಹುಡುಕಲು ನೆನಪಿಟ್ಟುಕೊಳ್ಳುವ ಡಿಕ್ಯಾಶ್‌ಗೆ ನಿಕ್ ಪಿಗಿನ್ ಅವರ ಹೊಸ ಬಗೆಯ ಲಿಸ್ಟ್ ಬಂತು. ಅದರಲ್ಲಿ ಲಿಸ್ಟ್‌ನ ಹೆಡ್ ಪಾಯಿಂಟರ್‌ನ ಕೊನೆಯ ಬಿಟ್ಟೇ ಲಾಕ್! ಡಿಕ್ಯಾಶ್‌ನ ಹ್ಯಾಶ್ ಟೇಬಲ್ ಹೆಸರುಗಳನ್ನು ಬಕೆಟ್ ಎಂಬ ಪುಟ್ಟ ಲಿಸ್ಟ್‌ಗಳಲ್ಲಿ ಹಂಚಿಡುತ್ತದೆ; ಪ್ರತಿ ಬಕೆಟ್‌ಗೂ ಒಂದೊಂದು ಲಾಕ್, ಒಂದು ಬೈಟ್ ಕೂಡ ಹೆಚ್ಚಿಲ್ಲ. ಲಿಸ್ಟ್ ಬದಲಿಸುವಾಗ ಸೊನ್ನೆಯ ಬಿಟ್, ಅಂದರೆ ಆ ಕೊನೆಯ ಬಿಟ್, 1 ಆಗಿರಲೇಬೇಕು ಅಂತ ಹೆಡರ್‌ನ ಮೇಲ್ಭಾಗದಲ್ಲೇ ಬರೆದಿದ್ದಾರೆ. ಬರೆಯದೇ ಇದ್ದಿದ್ದರೆ, ಅದು ಬರೀ ಪಾಯಿಂಟರ್ ಅಂದುಕೊಂಡು ಯಾರಾದರೂ ನೇರವಾಗಿ ಹಿಂಬಾಲಿಸಿ ಹೋಗುತ್ತಿದ್ದರು. ಲಾಕ್ ಹಿಡಿದ ಹೊತ್ತಿನಲ್ಲಿ ಅದು ತಪ್ಪು ವಿಳಾಸ.

ಒಂದು ಬಿಟ್‌ನಲ್ಲಿ ಲಾಕ್‌ಡೆಪ್ ತನ್ನ ಲೆಕ್ಕ ಇಡಲು ಜಾಗವಿಲ್ಲ. ಗೊತ್ತಾದ ಸಮಯದೊಳಗೆ ಕೆಲಸ ಮುಗಿಸಬೇಕಾದ ರಿಯಲ್‌ಟೈಮ್ ಕರ್ನಲ್‌ಗೂ ಇದೇ ಕಷ್ಟ. ಅಲ್ಲಿ ಮಾಮೂಲಿ ಸ್ಪಿನ್‌ಲಾಕ್ (ಲಾಕ್ ಸಿಗುವವರೆಗೆ ಸುಮ್ಮನೆ ಸುತ್ತುತ್ತಾ ಕಾಯುವ ಲಾಕ್) ಆರ್‌ಟಿ ಮ್ಯೂಟೆಕ್ಸ್ ಅನ್ನುವ, ಕಾಯುವಾಗ ನಿದ್ರಿಸಬಲ್ಲ ಲಾಕ್ ಆಗಿ ಬದಲಾಗುತ್ತದೆ, ಆದರೆ ಅದು ಒಂದು ಬಿಟ್‌ನಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಕೆಲವು ಬಿಟ್ ಲಾಕ್‌ಗಳನ್ನು ಬಳಸಿದ ಜಾಗದಲ್ಲೇ, ಒಂದೊಂದಾಗಿ, ಮಾಮೂಲಿ ಲಾಕ್‌ಗೆ ಬದಲಿಸಬೇಕಾಯಿತು. ಅಂಥ ಕೆಲಸಕ್ಕೆ ಕೂತವರು ಪ್ರತಿ ಸಲ ಕೇಳಲೇಬೇಕಾದ ಪ್ರಶ್ನೆಗಳು ಮೂರು: ಈ ಬಿಟ್ ಯಾವ ಡೇಟಾವನ್ನು ಕಾಯುತ್ತಿದೆ? ಇದನ್ನು ಹಿಡಿದಾಗ ಇನ್ಯಾವ ಲಾಕ್ ಹಿಡಿಯುತ್ತಾರೆ? ಲಾಕ್ ಹಿಡಿಯದೆ ಓದುವವರು ಯಾರಾದರೂ ಇದ್ದಾರಾ? ನೀವು ಬಿಟ್ ಲಾಕ್ ಬರೆದರೆ ಈ ಮೂರಕ್ಕೂ ಉತ್ತರವನ್ನು ಆ ಫೀಲ್ಡ್‌ನ ಪಕ್ಕದಲ್ಲೇ ಬರೆದಿಡಿ.