ಮಗಳು ತಂದ ಗಡಿಯಾರ ರೇಡಿಯೋ

ಕೇಳುಗರಿಗೆ ನಮಸ್ಕಾರ. ನಾನು ಮೂಡಿಗೆರೆ ಕಡೆಯವನು. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು, ಎರಡು ಹಸು. ಹಾಗಂತ ಇವತ್ತು ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ಮಾತಾಡುವುದಿಲ್ಲ, ಗಾಬರಿಯಾಗಬೇಡಿ. ನಮ್ಮ ಮನೆಗೆ ಬಂದ ಒಂದು ಪೆಟ್ಟಿಗೆಯ ಕಥೆ ಹೇಳುತ್ತೇನೆ.

ನನ್ನ ಮಗಳು ಅಮೆರಿಕದ ಒಕ್ಲಹೋಮದಲ್ಲಿದ್ದಾಳೆ. ಸುಂಟರಗಾಳಿಯ ಊರು ಅದು. ಒಂದು ರಾತ್ರಿ ಮೂರು ಗಂಟೆಗೆ ಅವಳ ಮಂಚದ ಪಕ್ಕದ ಗಡಿಯಾರ ರೇಡಿಯೋ ತಾನಾಗೇ ಕಿರುಚಿಕೊಂಡಿತಂತೆ. ಎದ್ದು, ಮಗುವನ್ನು ಎತ್ತಿಕೊಂಡು, ಬಚ್ಚಲಿನಲ್ಲಿ ಹಾಸಿಗೆ ಮೈಮೇಲೆ ಎಳೆದುಕೊಂಡು ಅರ್ಧ ಗಂಟೆ ಕೂತಿದ್ದರಂತೆ. ಗಾಳಿ ಬೇರೆ ಕಡೆ ಹೋಯಿತು. ಆದರೆ ಅವಳ ತಲೆಯಲ್ಲಿ ನಮ್ಮ ಮನೆ ಹಿಂದಿನ ಗುಡ್ಡ ಕೂತುಬಿಟ್ಟಿತು. ಮುಂದಿನ ಸಲ ಊರಿಗೆ ಬಂದವಳು ಅಂಥದ್ದೇ ಒಂದು ಸೆಟ್ ತಂದಳು. "ಅಪ್ಪ, ಆಶ್ಲೇಷ ಮಳೆಗೆ ಇದು ತಲೆದಿಂಬಿನ ಹತ್ತಿರ ಇರಲಿ" ಅಂದಳು.

ನೋಡೋಕೆ ಊಟದ ಡಬ್ಬಿಯಷ್ಟಿದೆ. ಮುಂದೆ ಕೆಂಪು ಅಂಕಿ. ಮೇಲೆ ಅಗಲವಾದ ಒಂದು ಗುಂಡಿ, ಒತ್ತಿದರೆ ಇನ್ನೂ ಒಂಬತ್ತು ನಿಮಿಷ ಮಲಗೋಕೆ ಬಿಡುತ್ತದೆ. ಪಕ್ಕದಲ್ಲಿ ಮೋಡದ ಚಿತ್ರ ಇರುವ ಇನ್ನೊಂದು ಗುಂಡಿ. ಅದೇ ಅದರ ವಿಶೇಷ.

ಅಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ಅನ್ನೋದು ಚೆನ್ನಾಗಿದೆ, ಕೇಳಿ. ಅವರ ಹವಾಮಾನ ಇಲಾಖೆಗೆ ಅಂತಲೇ ದೇಶದ ತುಂಬ ಸಾವಿರಕ್ಕೂ ಹೆಚ್ಚು ರೇಡಿಯೋ ಕೇಂದ್ರಗಳಿವೆ. 162.400ರಿಂದ 162.550 ಮೆಗಾಹರ್ಟ್ಸ್ ನಡುವೆ ಏಳು ಚಾನೆಲ್. ಹಾಡಿಲ್ಲ, ಜಾಹೀರಾತಿಲ್ಲ, ಹಗಲು ರಾತ್ರಿ ಬರೀ ಗಾಳಿ ಮಳೆ ಸುದ್ದಿ. ನಿಮ್ಮ ಸೆಟ್ ಅದನ್ನು ಸದ್ದಿಲ್ಲದೆ ಕೇಳಿಸಿಕೊಳ್ಳುತ್ತಾ ಕೂತಿರುತ್ತದೆ. ಅಪಾಯ ಬಂತು ಅಂದರೆ ಕೇಂದ್ರದವರು ಮೊದಲು ಕರ್ರ್ ಕರ್ರ್ ಅಂತ ಮೂರು ಸಲ ಒಂದು ಸಂಕೇತ ಕಳಿಸುತ್ತಾರೆ. ಆಮೇಲೆ 1050 ಹರ್ಟ್ಸಿನ ಒಂದೇ ಶ್ರುತಿಯ ಕೂಗು, ಅದರ ಹಿಂದೆ ಮಾತು. ಆ ಕರ್ರ್ ಅನ್ನೋದರೊಳಗೆ ಯಾವ ಅಪಾಯ, ಯಾವ ಜಿಲ್ಲೆಗೆ ಅನ್ನೋದು ಅಂಕಿಯಲ್ಲಿ ಅಡಗಿರುತ್ತದೆ. ಮಗಳ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಅಂಕಿ 040027. ಸೆಟ್ಟಿಗೆ ಅದನ್ನು ಒಂದು ಸಲ ಹಾಕಿಟ್ಟರೆ ಪಕ್ಕದ ಕೌಂಟಿಯ ಗಾಳಿಗೆ ಅದು ಬಾಯಿ ಬಿಡುವುದಿಲ್ಲ.

ಈ ಅಂಕಿ ಹಾಕೋದನ್ನೇ ಸುಮಾರು ಜನ ಬಿಟ್ಟುಬಿಡುತ್ತಾರಂತೆ. ಆಗ ಸೆಟ್ಟು ಸುತ್ತಮುತ್ತಲಿನ ಎಲ್ಲದಕ್ಕೂ ಕಿರುಚುತ್ತದೆ. ನಾಲ್ಕು ರಾತ್ರಿ ನೋಡಿ ಐದನೇ ರಾತ್ರಿ ಪ್ಲಗ್ ಕೀಳುತ್ತಾರೆ. ತೋಳ ಬಂತು ತೋಳ ಅಂದ ಹುಡುಗನ ಕಥೆ, ಮನುಷ್ಯ ಎಲ್ಲಿದ್ದರೂ ಅಷ್ಟೇ. ಹಾಗಾಗಿ ಬೇಡದ ಎಚ್ಚರಿಕೆಗಳನ್ನು ಒಂದೊಂದಾಗಿ ಬಂದ್ ಮಾಡೋಕೂ ಅದರಲ್ಲಿ ದಾರಿ ಇದೆ. ವಾರಕ್ಕೊಮ್ಮೆ, ಸಾಮಾನ್ಯವಾಗಿ ಬುಧವಾರ, ಪರೀಕ್ಷೆಯ ಸಂಕೇತವೂ ಬರುತ್ತದೆ, ಸೆಟ್ ಬದುಕಿದೆಯೋ ಇಲ್ಲವೋ ಗೊತ್ತಾಗಲಿ ಅಂತ.

ಸರಿ, ಇದನ್ನು ನಮ್ಮ ಮನೆಯಲ್ಲಿ ಹಚ್ಚಬೇಕಲ್ಲ. ಮೊದಲು ನೋಡಿದ್ದು ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ. 120 ವೋಲ್ಟ್ ಅಂತ ಇತ್ತು. ನಮ್ಮದು 230. ಸುಮ್ನೆ ಪಿನ್ನು ಬದಲಿಸಿ ಚುಚ್ಚಿದ್ದರೆ ಟಪ್ ಅಂತ ಅಲ್ಲೇ ಕಥೆ ಮುಗೀತಿತ್ತು. ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಹುಡುಗನ ಹತ್ತಿರ ಅದೇ ಅಳತೆಯ ಇಲ್ಲಿನ ಅಡಾಪ್ಟರ್ ತಂದೆ.

ಈ ಎಚ್ಚರಿಕೆ ನನಗೆ ಸುಮ್ಮನೆ ಬಂದಿದ್ದಲ್ಲ. ಮೂವತ್ತು ವರ್ಷದ ಹಿಂದೆ ನಮ್ಮ ಭಾವ ಅಮೆರಿಕದಿಂದ ಒಂದು ಹಳೇ ಕಾಲದ ಗಡಿಯಾರ ರೇಡಿಯೋ ತಂದಿದ್ದರು. ವೋಲ್ಟೇಜ್ ಇಳಿಸೋಕೆ ಇಟ್ಟಿಗೆಯಂಥ ಟ್ರಾನ್ಸ್‌ಫಾರ್ಮರನ್ನೂ ತಂದಿದ್ದರು. ರಾತ್ರಿ ಒಂಬತ್ತಕ್ಕೆ ಟೈಮ್ ಸರಿ ಮಾಡಿ ಮಲಗಿದೆವು. ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ ಅದರಲ್ಲಿ ನಾಲ್ಕೂವರೆ! ಆ ಸೆಟ್ಟುಗಳು ಕರೆಂಟಿನ ಏರಿಳಿತ ಎಣಿಸಿಯೇ ಟೈಮ್ ಲೆಕ್ಕ ಹಾಕುತ್ತಿದ್ದವು. ಅಲ್ಲಿನ ಕರೆಂಟು ಸೆಕೆಂಡಿಗೆ 60 ಸಲ ಏರಿಳಿಯುತ್ತದೆ, ನಮ್ಮದು 50 ಸಲ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಎಣಿಕೆ ಬದಲಿಸುವುದಿಲ್ಲ. ಗಂಟೆಗೆ ಸರಿಯಾಗಿ ಹತ್ತು ನಿಮಿಷ ಹಿಂದೆ. ಅದನ್ನು ನಂಬಿಕೊಂಡು ಹಾಲು ಕರೆದಿದ್ದರೆ ಡೈರಿ ಬಾಗಿಲು ಹಾಕಿರುತ್ತಿತ್ತು. ನಿಮ್ಮ ಅಟ್ಟದ ಮೇಲೂ ಅಂಥದ್ದೊಂದು ಇದ್ದರೆ ಬಿಸಾಡಬೇಡಿ, ಕೆಲವು ಸೆಟ್ಟಲ್ಲಿ ಒಳಗೆ ಒಂದು ಸಣ್ಣ ತಂತಿ ಸೇರಿಸಿದರೆ 50ಕ್ಕೆ ಎಣಿಸುತ್ತದೆ, ಬಲ್ಲವರ ಕೈಲಿ ಮಾಡಿಸಿ. ಈಗಿನ ಅಡಾಪ್ಟರ್ ಸೆಟ್ಟಿಗೆ ಆ ತೊಂದರೆ ಇಲ್ಲ, ಟೈಮ್ ಎಣಿಸೋಕೆ ಒಳಗೇ ಕ್ವಾರ್ಟ್ಸ್ ಹರಳು ಇರುತ್ತದೆ.

ಮುಂದೆ ಮೋಡದ ಗುಂಡಿ ಒತ್ತಿದೆ. ಒಂದನೇ ಚಾನೆಲ್, ಸ್ಸ್ಸ್. ಎರಡು, ಸ್ಸ್ಸ್. ಏಳೂ ಅಷ್ಟೇ. ನನ್ನ ಹೆಂಡತಿ ಒಳಗಿನಿಂದ "ಹಂಚಿನ ಮೇಲೆ ಬೀಳೋ ಸದ್ದು ಸಾಲದು ಅಂತ ಮಳೆನ ಪೆಟ್ಟಿಗೆಯಲ್ಲಿ ಬೇರೆ ತಂದ್ರಾ" ಅಂದಳು. ತಪ್ಪು ಸೆಟ್ಟಿನದಲ್ಲ. ಆ ಅಲೆಯಲ್ಲಿ ಹವಾಮಾನ ಹೇಳುವ ಕೇಂದ್ರ ನಮ್ಮಲ್ಲಿಲ್ಲ. ಹೇಳುವವರೇ ಇಲ್ಲದ ಮೇಲೆ ಅದು ಏನು ಕೇಳಿಸಿಕೊಂಡೀತು? ಆನ್‌ಲೈನಿನಲ್ಲಿ ದುಬಾರಿ ಬೆಲೆಗೆ "ವೆದರ್ ಅಲರ್ಟ್ ರೇಡಿಯೋ" ಅಂತ ನೋಡಿ ಆಸೆಪಡುವವರಿಗೆ ಇದನ್ನೇ ಹೇಳೋಕೆ ನಾನು ಇವತ್ತು ಬಂದಿದ್ದು. ಆ ಗುಂಡಿಗೆ ಇಲ್ಲಿ ಕೆಲಸ ಇಲ್ಲ. ದುಡ್ಡು ಕೊಡಬೇಡಿ.

ಹೋಗಲಿ, ಹಾಸನ ಕೇಳೋಣ ಅಂತ ಎಫ್‌ಎಂಗೆ ತಿರುಗಿಸಿದೆ. 101.9 ಬಂತು, 102.1 ಬಂತು, ಮುಂದಿನದು 102.3. ಹಾಸನ ಆಕಾಶವಾಣಿ ಇರುವುದು 102.2ರಲ್ಲಿ! ಅಮೆರಿಕದ ಸೆಟ್ಟುಗಳು ಬೆಸ ಅಂಕಿಯ ಮೇಲೆ ಮಾತ್ರ ನಿಲ್ಲುತ್ತವೆ, ಅಲ್ಲಿನ ಎಫ್‌ಎಂ ಕೇಂದ್ರಗಳಿರುವುದೇ ಹಾಗೆ. 102.1ರಲ್ಲಿಟ್ಟರೆ ನಿಮ್ಮ ಅನೌನ್ಸರ್ ಮೂಗು ಹಿಡಿದುಕೊಂಡು ಮಾತಾಡಿದ ಹಾಗೆ ಕೇಳುತ್ತದೆ. ಮೀಡಿಯಂ ವೇವಿನಲ್ಲೂ ಇದೇ ಗೋಳು. ನಮ್ಮಲ್ಲಿ ಕೇಂದ್ರದಿಂದ ಕೇಂದ್ರಕ್ಕೆ 9 ಕಿಲೋಹರ್ಟ್ಸ್ ಹೆಜ್ಜೆ, ಅಲ್ಲಿ 10. ಬೆಂಗಳೂರು 612, ಧಾರವಾಡ 765, ಅದು 610, 620 ಅಂತ ಹಾರಿಕೊಂಡು ಹೋಗುತ್ತದೆ. ಎರಡು ದಿನ ಒದ್ದಾಡಿದೆ. ಕೊನೆಗೆ ಮಗಳು ವಿಡಿಯೋ ಕಾಲಿನಲ್ಲಿ ಪುಸ್ತಕ ಓದಿ ಹೇಳಿದಳು, ಸೆಟ್ ಆಫ್ ಮಾಡಿ ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದರೆ ದೇಶ ಬದಲಿಸಬಹುದು ಅಂತ. ಕೆಲವು ಸೆಟ್ಟಲ್ಲಿ ಸೆಲ್ ಹಾಕುವ ಜಾಗದಲ್ಲೇ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಕೆಲವದರಲ್ಲಿ ಎರಡೂ ಇರುವುದಿಲ್ಲ. ಹೊರಗಿನಿಂದ ಯಾರಾದರೂ ತರುತ್ತೇನೆ ಅಂದರೆ ಮೊದಲು ಇದನ್ನು ಕೇಳಿ. ಇಲ್ಲಾಂದ್ರೆ ಮುಳ್ಳು ತಿರುಗಿಸುವ ನಮ್ಮ ಹಳೇ ಮಾದರಿಯೇ ವಾಸಿ, ಅದಕ್ಕೆ ಯಾವ ದೇಶವೂ ಒಂದೇ.

ಅಲಾರಂ ಇಡುವುದು ಸುಲಭ, ಎಡವುವುದೂ ಸುಲಭ. ಅಂಕಿಯ ಪಕ್ಕ ಒಂದು ಸಣ್ಣ ಚುಕ್ಕೆ ಹೊತ್ತಿದ್ದರೆ ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಅಂತ ಅರ್ಥ. ನಾನು ಮೊದಲ ದಿನ ಸಂಜೆ ಐದೂವರೆಗೆ ಎದ್ದೇಳುವ ಏರ್ಪಾಡು ಮಾಡಿದ್ದೆ. ಇನ್ನೊಂದು, ಅಲಾರಂ ಬದಲು ರೇಡಿಯೋದಿಂದ ಏಳುತ್ತೇನೆ ಅನ್ನುವವರು ಮಲಗುವ ಮುಂಚೆ ಧ್ವನಿ ಏರಿಸಿಡಬೇಕು. ಕೇಂದ್ರ ಶುರುವಾಗುವ ಹೊತ್ತಿಗೆ ಮುಂಚೆ ಇಟ್ಟುಕೊಂಡರೆ ಬರೀ ಗೊರ್ ಅನ್ನುವ ಸದ್ದೇ ಸುಪ್ರಭಾತ. ನಾನು ಬೆಳಗಿನ ಪ್ರದೇಶ ಸಮಾಚಾರಕ್ಕೆ ಐದು ನಿಮಿಷ ಮೊದಲು ಇಟ್ಟುಕೊಂಡಿದ್ದೇನೆ.

ಈಗ ಎಲ್ಲಕ್ಕಿಂತ ದೊಡ್ಡ ಮೋಸ. ಸೆಟ್ಟಿನ ಹೊಟ್ಟೆಯಡಿ ಒಂದು ಚೌಕದ 9 ವೋಲ್ಟ್ ಬ್ಯಾಟರಿ ಹಾಕುವ ಜಾಗ ಇರುತ್ತದಲ್ಲ, ಅದನ್ನು ನೋಡಿ ಕರೆಂಟ್ ಹೋದರೂ ರೇಡಿಯೋ ಹಾಡುತ್ತದೆ ಅಂದುಕೊಳ್ಳುತ್ತೇವೆ. ಇಲ್ಲ. ಎಷ್ಟೋ ಸೆಟ್ಟಲ್ಲಿ ಅದು ಟೈಮ್ ಮರೆಯದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ಅಂಕಿಯೂ ಹೊತ್ತುವುದಿಲ್ಲ, ಮಾತೂ ಬರುವುದಿಲ್ಲ. ಜುಲೈ ತಿಂಗಳಲ್ಲಿ ಸಿಲ್ವರ್ ಮರ ತಂತಿ ಮೇಲೆ ಬಿದ್ದು ಮೂರು ದಿನ ಕರೆಂಟಿಲ್ಲದ ಮನೆಯಲ್ಲಿ ಅದನ್ನು ಇಟ್ಟುಕೊಂಡು ಏನು ಮಾಡೋದು? ಪೂರ್ತಿ ಸೆಲ್ಲಿನ ಮೇಲೆ ಹಾಡುವ ಸೆಟ್ಟು ಬೇಕು ನಮಗೆ. ಅಂಗಡಿಯಲ್ಲೇ ಸೆಲ್ ಹಾಕಿಸಿ, ವಯರ್ ಕೀಳಿಸಿ, ಕೇಳಿ ನೋಡಿ ತಗೊಳ್ಳಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಇಡುವ ಜಾಗಾನೂ ನೋಡಬೇಕು. ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರ ಬರುತ್ತದೆ, ಗುಡ್ಡ ಅಡ್ಡ ಇದ್ದರೆ ಹಳ್ಳದ ಮನೆಗೆ ಸರಿಯಾಗಿ ಸಿಗುವುದಿಲ್ಲ. ಏರಿಯಲ್ ತಂತಿಯನ್ನು ಕಿಟಕಿ ಮೇಲೆ ಉದ್ದಕ್ಕೆ ಕಟ್ಟಿ. ಮೀಡಿಯಂ ವೇವಿಗೆ ಬೇರೆ ಉಪಾಯ, ಅದರ ಏರಿಯಲ್ ಸೆಟ್ಟಿನೊಳಗಿನ ಒಂದು ಕಪ್ಪು ಕಡ್ಡಿ, ಆದ್ದರಿಂದ ಸೆಟ್ಟನ್ನೇ ನಿಧಾನವಾಗಿ ತಿರುಗಿಸಿ, ಎಲ್ಲೋ ಒಂದು ಕಡೆ ಸ್ವರ ಬಿಚ್ಚಿಕೊಳ್ಳುತ್ತದೆ. ಯುಪಿಎಸ್, ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಹತ್ತಿರ ಇಡಬೇಡಿ, ಕಣಜದ ಹುಳು ಕೂತ ಹಾಗೆ ಗುಂಯ್ ಅನ್ನುತ್ತದೆ.

ಹಾಗಾದರೆ ರಾತ್ರಿ ಮೂರು ಗಂಟೆಗೆ ನಮ್ಮನ್ನು ಎಬ್ಬಿಸುವವರು ಯಾರು? ರೇಡಿಯೋ ಅಲ್ಲ. ಜೇಬಿನಲ್ಲಿರುವ ಫೋನು. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಎಷ್ಟೋ ಜನರ ಫೋನು ಒಟ್ಟಿಗೆ ಬೀಪ್ ಬೀಪ್ ಅಂತ ಬಡಿದುಕೊಂಡಿದ್ದು ನೆನಪಿದೆಯಾ? ನಮ್ಮ ತೋಟದಲ್ಲಿ ಕೆಲಸದವಳೊಬ್ಬಳು ಫೋನನ್ನು ಬುಟ್ಟಿಗೆ ಎಸೆದು ದೂರ ನಿಂತಿದ್ದಳು. ಅದು ಸೆಲ್ ಬ್ರಾಡ್‌ಕಾಸ್ಟ್ ಅನ್ನುವುದರ ಪರೀಕ್ಷೆ. ಎಸ್‌ಎಂಎಸ್ ಅಲ್ಲ ಅದು. ನಿಮ್ಮ ನಂಬರ್ ಯಾರಿಗೂ ಗೊತ್ತಿರಬೇಕಾಗಿಲ್ಲ. ಒಂದು ಟವರಿನಿಂದ ಅದರ ಕೆಳಗಿರುವ ಎಲ್ಲ ಫೋನಿಗೂ ಒಂದೇ ಸಲ ಹೋಗುತ್ತದೆ, ಲೈನ್ ಬಿಜಿ ಅನ್ನೋ ಮಾತೇ ಇಲ್ಲ. ಅಮೆರಿಕದ ಪೆಟ್ಟಿಗೆ ಅಂಕಿ ಹಾಕಿಸಿಕೊಂಡು ಮಾಡುವ ಕೆಲಸವನ್ನು ಇಲ್ಲಿ ಟವರೇ ಮಾಡುತ್ತದೆ. ಫೋನಿನ ಸೆಟ್ಟಿಂಗ್ಸಿನಲ್ಲಿ ಎಮರ್ಜೆನ್ಸಿ ಅಲರ್ಟ್ ಅಂತ ಹುಡುಕಿ, ಆನ್ ಇದೆಯಾ ನೋಡಿ. ರಾತ್ರಿ ಫ್ಲೈಟ್ ಮೋಡಿಗೆ ಹಾಕಿ ಮಲಗುವ ಅಭ್ಯಾಸ ಇದ್ದರೆ ಮಳೆಗಾಲದಲ್ಲಿ ಬಿಡಿ.

ಆದರೆ ನಮ್ಮ ಕಡೆ ಸಿಗ್ನಲ್ ಎಲ್ಲಿ ಸಿಗುತ್ತದೆ ಹೇಳಿ? ನಮ್ಮ ಮನೆಯಲ್ಲಿ ಜಗಲಿಯ ಎರಡನೇ ಕಂಬದ ಹತ್ತಿರ ಮಾತ್ರ. ಹಾಗಾಗಿ ಆಷಾಢದಿಂದ ಫೋನು ಅಲ್ಲೇ ಗೂಡಿನಲ್ಲಿ, ಫುಲ್ ಸೌಂಡಿನಲ್ಲಿ ಮಲಗುತ್ತದೆ. ಇನ್ನು ಕರೆಂಟ್ ಹೋಗಿ, ಟವರಿನ ಬ್ಯಾಟರಿಯೂ ಮುಗಿದರೆ ಫೋನು ಬರೀ ಬ್ಯಾಟರಿ ದೀಪ. 2019ರ ಆಗಸ್ಟ್‌ನಲ್ಲಿ, ಅದೇ ಆಶ್ಲೇಷ ಮಳೆಯಲ್ಲಿ, ಚಾರ್ಮಾಡಿ ಘಾಟಿ ಜರಿದು ರಸ್ತೆ ಮುಚ್ಚಿ, ನಮ್ಮ ತಾಲ್ಲೂಕಿನಲ್ಲೇ ಗುಡ್ಡ ಕುಸಿದು ಮನೆ ತೋಟ ಕಳೆದುಕೊಂಡವರಿದ್ದರಲ್ಲ, ಆ ದಿನಗಳಲ್ಲಿ ನಮ್ಮ ಮನೆಗೆ ಹೊರಗಿನ ಸುದ್ದಿ ತಂದಿದ್ದು ಮೂರು ಸೆಲ್ಲಿನ ಒಂದು ಹಳೇ ರೇಡಿಯೋ. ದಾರಿ ಎಲ್ಲಿ ಬಂದ್, ಶಾಲೆ ಇದೆಯಾ ಇಲ್ವಾ, ಎಲ್ಲ ಅದರಲ್ಲೇ. ಎಬ್ಬಿಸೋಕೆ ಫೋನು, ಎದ್ದ ಮೇಲೆ ಕೇಳೋಕೆ ರೇಡಿಯೋ. ಎರಡೂ ಬೇಕು.

ಕೇಳಿದ್ದು ಅರ್ಥವಾಗಬೇಕಲ್ಲ, ಅದೂ ಮುಖ್ಯ. ಹವಾಮಾನ ಇಲಾಖೆಯ ಅಲರ್ಟಿನಲ್ಲಿ ಹಳದಿ ಅಂದರೆ ಗಮನ ಇಟ್ಟಿರಿ, ಕಿತ್ತಳೆ ಅಂದರೆ ತಯಾರಾಗಿರಿ, ಕೆಂಪು ಅಂದರೆ ಈಗಲೇ ಏನಾದರೂ ಮಾಡಿ. ನಮ್ಮ ಮಕ್ಕಳಿಗೆ ಮಾತ್ರ ರೆಡ್ ಅಲರ್ಟ್ ಅಂದರೆ ಡಿಸಿ ರಜಾ ಕೊಡ್ತಾರೆ ಅಂತ. ಹವಾಮಾನ ಇಲಾಖೆ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ ಅನ್ನುತ್ತದೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದು. ತೋಟದವರಿಗೆ ಮಿಲಿಮೀಟರ್ ತಲೆಗೆ ಹತ್ತುವುದಿಲ್ಲ, ನಮಗೆ ಇಂಚೇ ಲೆಕ್ಕ. ಎರಡೂವರೆ, ನಾಲ್ಕೂವರೆ, ಎಂಟು ಇಂಚು ಅಂತ ನೆನಪಿಡಿ. ಎರಡೂವರೆ ಇಂಚಿಗೆ ಕೊಟ್ಟಿಗೆಹಾರದವರು ನಗುತ್ತಾರೆ, ನಿಜ. ಆದರೆ ನಾಲ್ಕು ದಿನ ನೆನೆದ ಗುಡ್ಡಕ್ಕೆ ಐದನೇ ದಿನದ ಎರಡೂವರೆ ಇಂಚು ಬೇರೆಯೇ ಲೆಕ್ಕ.

ಅಲರ್ಟ್ ಜಿಲ್ಲೆಗೆ ಬರುತ್ತದೆ, ಅದೊಂದು ಕಷ್ಟ. ಚಿಕ್ಕಮಗಳೂರು ಜಿಲ್ಲೆಗೆ ಕೆಂಪು ಅಂದಾಗ ಕಡೂರಿನಲ್ಲಿ ಬಿಸಿಲು ಕಾಯುತ್ತಿರಬಹುದು, ಶೃಂಗೇರಿಯಲ್ಲಿ ತುಂಗೆ ಉಕ್ಕುತ್ತಿರಬಹುದು. ಹಾಸನದಲ್ಲೂ ಅಷ್ಟೇ, ಸಕಲೇಶಪುರದ ಮಳೆಗೂ ಅರಸೀಕೆರೆ ಮಳೆಗೂ ಏನು ಸಂಬಂಧ? ನಿಮ್ಮ ಊರಿನದೇ ಬೇಕು ಅಂದರೆ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರಕ್ಕೆ ಫೋನ್ ಮಾಡಿ, ನಂಬರ್ 92433 45433. ಅವರ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಸಿಡಿಲಿಗೆ ದಾಮಿನಿ ಆ್ಯಪ್ ಇದೆ, ಸುತ್ತ 20ರಿಂದ 40 ಕಿಲೋಮೀಟರ್ ಒಳಗೆ ಹೊಡೆಯುತ್ತಿದ್ದರೆ ತಿಳಿಸುತ್ತದೆ. ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತಾ ಆಕಾಶ ನೋಡುವವರಿಗೆ ಅದು ಬೇಕೇ ಬೇಕು.

ಮಗಳ ಪೆಟ್ಟಿಗೆ ಈಗ ಹಾಸನ ಹಾಡುತ್ತದೆ, ಚೆನ್ನಾಗಿಯೇ ಹಾಡುತ್ತದೆ. ಮೋಡದ ಗುಂಡಿ ಮೊಮ್ಮಗನಿಗೆ ಬಿಟ್ಟಿದ್ದೇನೆ, ಅವನು ರಜಕ್ಕೆ ಬಂದಾಗ ಒತ್ತಿ ಮಳೆ ಬರಿಸುತ್ತಾನೆ. ಪುಣ್ಯಕ್ಕೆ ಇದು ಸೆಲ್ಲಿನ ಮೇಲೂ ನಡೆಯುವ ಸೆಟ್ಟು. ಆದರೆ ಮೊನ್ನೆ ಹಿಂದಿನ ಮುಚ್ಚಳ ತೆಗೆದರೆ ಹೋದ ವರ್ಷದ ಸೆಲ್ಲು ಸೋರಿ ಬಿಳಿ ಪುಡಿ ಕಟ್ಟಿಕೊಂಡಿತ್ತು. ಒಣ ಬಟ್ಟೆಯಲ್ಲಿ ಒರೆಸಿ, ತಗಡನ್ನು ಮರಳುಕಾಗದದಿಂದ ಉಜ್ಜಿ, ಹೊಸದು ಹಾಕಿದೆ. ಈ ಭಾಷಣ ಮುಗಿದ ತಕ್ಷಣ ನಿಮ್ಮ ಸೆಟ್ಟನ್ನೂ ಒಂದು ಸಲ ಮಗುಚಿ ನೋಡಿ. ನಮಸ್ಕಾರ.